ಬ್ಯಾರನ್ನಿನ ವಾಸನೆ ಡಬ್ಬಿಯಲ್ಲಿ ಸಿಕ್ಕಿತು, ಪೈಪಿನಲ್ಲಿ ಸಿಗುತ್ತಿಲ್ಲ: ಅನುಭವಸ್ಥರು ಹೇಳಿ

ಬೆಟ್ಟದಪುರದವ (ಸೇಂಟ್ ಲೂಯಿಸ್)

ಎಲ್ಲರಿಗೂ ನಮಸ್ಕಾರ. ನಾನು ಪಿರಿಯಾಪಟ್ಟಣ ತಾಲ್ಲೂಕಿನವನು. ಮನೆಯಲ್ಲಿ ಈಗಲೂ ಹೊಗೆಸೊಪ್ಪಿನ ಬೇಸಾಯವಿದೆ, ಎಲೆಯನ್ನು ಉರಿಯ ಕಾವಿನಲ್ಲಿ ಒಣಗಿಸುವ ಬ್ಯಾರನ್ ಕೋಣೆಯೂ ಇದೆ, ಅಣ್ಣ ನೋಡಿಕೊಳ್ಳುತ್ತಾನೆ. ನಾನು ಹನ್ನೊಂದು ವರ್ಷದಿಂದ ಅಮೆರಿಕದಲ್ಲಿದ್ದೇನೆ. ಸಿಗರೇಟು ಬಿಟ್ಟು ಆರು ವರ್ಷವಾಯಿತು.

ಹೋದ ತಿಂಗಳು ಇಲ್ಲಿಂದ ಪಶ್ಚಿಮಕ್ಕೆ ಒಂದು ಗಂಟೆಯ ದಾರಿಯಲ್ಲಿರುವ ವಾಷಿಂಗ್ಟನ್ ಎಂಬ ಊರಿಗೆ ಹೋಗಿದ್ದೆ. ರಾಜಧಾನಿಯಲ್ಲ, ಮಿಸೌರಿ ನದಿಯ ದಡದ ಪುಟ್ಟ ಊರು. ಅಲ್ಲಿ 1869ರಿಂದ ಮುಸುಕಿನ ಜೋಳದ ದಿಂಡಿನಲ್ಲಿ ಪೈಪು ಮಾಡುತ್ತಿದ್ದಾರೆ. ಹೆನ್ರಿ ಟಿಬ್ಬೆ ಎಂಬ ಡಚ್ ಮೂಲದ ಮರ ಕಡೆಯುವವರ ಹತ್ತಿರ ಒಬ್ಬ ರೈತ ಬಂದು, ಜೋಳದ ದಿಂಡನ್ನು ಲೇತಿಗೆ ಕೊಟ್ಟು ಪೈಪು ಮಾಡಿಕೊಡಿ ಎಂದು ಕೇಳಿದನಂತೆ. ಅಲ್ಲಿಂದ ಶುರುವಾದ ಕಸುಬು. ನಮ್ಮ ಮನೆಯಲ್ಲಿ ಕಾಳು ಬಿಡಿಸಿದ ಮೇಲೆ ದಿಂಡು ನೀರೊಲೆಗೆ ಹೋಗುತ್ತಿತ್ತು. ಅದೇ ದಿಂಡು ಇಲ್ಲಿ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿದ್ದನ್ನು ಕಂಡು ಮನಸ್ಸು ತಡೆಯಲಿಲ್ಲ, ಒಂದು ಕೊಂಡೆ. ಜೊತೆಗೆ ಅಂಗಡಿಯವರು ಕೊಟ್ಟ ವರ್ಜೀನಿಯಾ ಸೊಪ್ಪಿನ ಡಬ್ಬಿಯೊಂದು. ಒತ್ತಿ, ಹೋಳು ಹೋಳಾಗಿ ಕತ್ತರಿಸಿದ್ದು. ಫ್ಲೇಕ್ ಎನ್ನುತ್ತಾರೆ.

ಮನೆಗೆ ಬಂದು ಡಬ್ಬಿಯ ಮುಚ್ಚಳ ತೆಗೆದೆ. ಹಾಗೆಯೇ ಕುಳಿತುಬಿಟ್ಟೆ. ಐದಾರು ದಿನ ಉರಿ ಕೊಟ್ಟ ಮೇಲೆ ರಾತ್ರಿ ಬ್ಯಾರನ್ನಿನ ಬಾಗಿಲು ತೆರೆದಾಗ ಮುಖಕ್ಕೆ ಬಡಿಯುತ್ತಿತ್ತಲ್ಲ, ಆ ವಾಸನೆ. ಒಣಹುಲ್ಲು, ಬೆಲ್ಲದ ಪಾಕ ತಳ ಹಿಡಿಯುವುದಕ್ಕೆ ಮುಂಚಿನ ಗಳಿಗೆ, ಬಿಸಿಯಾದ ಮಣ್ಣಿನ ಗೋಡೆ, ಎಲ್ಲವೂ ಸೇರಿದ್ದು. ಅಪ್ಪ ತೀರಿಕೊಂಡ ಮೇಲೆ ಆ ವಾಸನೆ ನನಗೆ ಸಿಕ್ಕಿರಲಿಲ್ಲ.

ಆದರೆ ಪೈಪು ಹಚ್ಚಿದರೆ ಅದು ಸಿಗುತ್ತಿಲ್ಲ. ಐದು ನಿಮಿಷಕ್ಕೆ ನಾಲಗೆ ಬಿಸಿ ಕಾಫಿ ಕುಡಿದ ಹಾಗೆ ಸುಡುತ್ತದೆ. ತಳದಲ್ಲಿ ನೀರು ಗುಳುಗುಳು ಎನ್ನುತ್ತದೆ. ಒಂದು ಸಲಕ್ಕೆ ಎಂಟು ಒಂಬತ್ತು ಕಡ್ಡಿ ಗೀರಬೇಕು. ಬಾಯಿಗೆ ಬರುವುದು ಬರೀ ಬಿಸಿ ಮತ್ತು ಘಾಟು. ತಪ್ಪು ಎಲ್ಲಿದೆ? ಬೇರೆ ಯಾವ ಯಾವ ಸೊಪ್ಪು ನೋಡಬಹುದು?


ಹಳೇ ದಂಡು (ಬೆಂಗಳೂರು)

ಬೆಟ್ಟದಪುರದವರೇ, ನಾನು ಇಪ್ಪತ್ತೆಂಟು ವರ್ಷದಿಂದ ಪೈಪು ಸೇದುತ್ತಿದ್ದೇನೆ. ನಿಮ್ಮ ನಾಲಗೆಯನ್ನು ಸುಡುತ್ತಿರುವುದು ಬಹುಮಟ್ಟಿಗೆ ಹೊಗೆಯಲ್ಲ, ಹಬೆ. ಡಬ್ಬಿಯಲ್ಲಿ ಬರುವ ಸೊಪ್ಪು ಸೇದುವ ಹದಕ್ಕಿಂತ ಒದ್ದೆಯಾಗಿರುತ್ತದೆ, ಕೆಡದಿರಲಿ, ಪುಡಿಯಾಗದಿರಲಿ ಎಂದು. ಅದನ್ನು ಹಾಗೆಯೇ ತುಂಬಿ ಹಚ್ಚಿದರೆ ತೇವ ಕುದಿದು ನೇರವಾಗಿ ನಾಲಗೆಗೆ ಬರುತ್ತದೆ. ಆ ಗುಳುಗುಳು ಶಬ್ದವೂ ಅದೇ ನೀರು. ಸೊಪ್ಪು ಆರುತ್ತಿದೆ ಎಂದು ನೀವು ಜೋರಾಗಿ ಎಳೆಯುತ್ತೀರಿ, ಎಳೆದಷ್ಟೂ ಕಾವು ಏರುತ್ತದೆ, ಕಾವು ಏರಿದಷ್ಟೂ ಹಬೆ.

ಇಷ್ಟು ಮಾಡಿ ನೋಡಿ. ಎರಡು ಹೋಳು ತೆಗೆದು ಅಂಗೈಯಲ್ಲಿ ಮೆಲ್ಲಗೆ ಉಜ್ಜಿ ಬಿಡಿಸಿ. ಕಾಗದದ ಮೇಲೆ ಹರಡಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಬಿಡಿ. ಆಮೇಲೆ ಒಂದು ಚಿಟಿಕೆ ಹಿಡಿದು ಒತ್ತಿ. ಬೆರಳು ಬಿಟ್ಟ ಮೇಲೂ ಉಂಡೆಯಾಗಿಯೇ ಉಳಿದರೆ ಇನ್ನೂ ಒದ್ದೆ. ನಿಧಾನವಾಗಿ ಅರಳಿಕೊಂಡರೆ ಸರಿ. ಪುಡಿಯಾದರೆ ಮಿತಿ ಮೀರಿ ಒಣಗಿತು.

ತುಂಬುವಾಗ ಮೊದಲ ಭಾಗವನ್ನು ಒತ್ತಲೇಬೇಡಿ, ಉದುರಿಸಿ. ನಡುವಿನದನ್ನು ಹಗುರವಾಗಿ, ಮೇಲಿನದನ್ನು ತುಸು ಬಿಗಿಯಾಗಿ ಒತ್ತಿ. ಬೆಂಕಿ ಹಚ್ಚುವ ಮುಂಚೆ ಒಮ್ಮೆ ಎಳೆದು ನೋಡಿದರೆ ಗಾಳಿ ಸಲೀಸಾಗಿ ಬರಬೇಕು. ಮೊದಲ ಕಡ್ಡಿ ಮೇಲ್ಪದರ ಕರಿಯಾಗುವುದಕ್ಕಷ್ಟೇ. ಸೊಪ್ಪು ಕಾವಿಗೆ ಮೇಲೆದ್ದು ಬರುತ್ತದೆ. ಅದನ್ನು ಚಪ್ಪಟೆ ತಲೆಯ ಕಡ್ಡಿಯಿಂದ ಹಗುರವಾಗಿ ತಗ್ಗಿಸಿ, ಎರಡನೆಯ ಕಡ್ಡಿ ಗೀರಿ ಹಚ್ಚಿ.

ಇನ್ನೊಂದು ಮುಖ್ಯ ಮಾತು. ನೀವು ಸಿಗರೇಟು ಸೇದಿದವರು, ಎದೆಗೆ ಎಳೆಯುವ ಅಭ್ಯಾಸ ಮೈಯಲ್ಲಿ ಉಳಿದಿರುತ್ತದೆ. ಪೈಪಿನ ಹೊಗೆ ಬಾಯಿಗೆ ಮಾತ್ರ, ಕೆಳಗೆ ಇಳಿಸಬಾರದು. ನಮ್ಮ ಭಾಷೆಯಲ್ಲಿ ಬೀಡಿಗೂ ಬಾವಿಯ ನೀರಿಗೂ ಒಂದೇ ಮಾತು: ಸೇದುವುದು. ನನಗೆ ಪೈಪು ಕಲಿಸಿದ ಹಿರಿಯರು ಹೇಳುತ್ತಿದ್ದುದು ಇದನ್ನೇ. ಕೊಡ ತುಂಬಿದೆ, ಹಗ್ಗ ಜಗ್ಗಿದರೆ ಅರ್ಧ ನೀರು ಬಾವಿಗೇ ಚೆಲ್ಲುತ್ತದೆ, ಹಾಗೆ ಸೇದು. ನಿಮಿಷಕ್ಕೆ ಎರಡು ಮೂರು ಗುಟುಕು ಸಾಕು. ಪೈಪಿನ ಹೊಟ್ಟೆಯನ್ನು ಕೆನ್ನೆಗೆ ತಾಗಿಸಿ ನೋಡಿ. ತಾಗಿಸಿ ಇಟ್ಟುಕೊಳ್ಳಲು ಆಗದಷ್ಟು ಬಿಸಿಯಿದ್ದರೆ ಕೆಳಗಿಟ್ಟು ಆರಲು ಬಿಡಿ. ಆರಿಹೋಗುವುದು ತಪ್ಪಲ್ಲ, ಮತ್ತೆ ಹಚ್ಚಿದರಾಯಿತು.


ಹುಣಸೂರು ರೈತ

ನಮಸ್ಕಾರ ತಮ್ಮಾ. ನಮ್ಮ ಪಕ್ಕದ ತಾಲ್ಲೂಕಿನವರು ಎಂದು ಓದಿ ಸಂತೋಷವಾಯಿತು. ನಾನು ಪೈಪು ಮುಟ್ಟಿದವನಲ್ಲ, ಎಲೆ ಅಡಿಕೆ ಬಿಟ್ಟರೆ ಬೇರೆ ಅಭ್ಯಾಸವಿಲ್ಲ. ಆದರೆ ಹಳೇ ದಂಡಿನವರು ಬರೆದ ಚಿಟಿಕೆಯ ಪರೀಕ್ಷೆ ಓದಿ ಆಶ್ಚರ್ಯಪಟ್ಟೆ. ನಾವು ಮಾಡುವುದೂ ಅದೇ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಾವು ಬೆಳೆಯುವುದು ವರ್ಜೀನಿಯಾ ಸೊಪ್ಪು. ಮುಂಗಾರಿನಲ್ಲಿ ನಾಟಿ. ಗಿಡವನ್ನು ಒಂದೇ ಸಲ ಕೊಯ್ಯುವುದಿಲ್ಲ. ಕೆಳಗಿನಿಂದ ಮೇಲಕ್ಕೆ, ಮಾಗಿದ ಎರಡು ಮೂರು ಎಲೆಯನ್ನಷ್ಟೇ ವಾರಕ್ಕೊಮ್ಮೆ ಮುರಿಯುತ್ತೇವೆ. ಕೋಲಿಗೆ ಕಟ್ಟಿ ಬ್ಯಾರನ್ನಿಗೆ ಏರಿಸುತ್ತೇವೆ. ಮೊದಲು ಸುಮಾರು 35 ಡಿಗ್ರಿಯ ಹದವಾದ ಕಾವು, ಒಳಗೆ ತೇವ ಉಳಿಯಬೇಕು. ಎಲೆ ಹಳದಿಗೆ ತಿರುಗುವುದು ಆಗಲೇ. ಎಲೆಯೊಳಗಿನ ಪಿಷ್ಟ ಸಕ್ಕರೆಯಾಗುವುದೂ ಆಗಲೇ. ಹಳದಿ ಪೂರ್ತಿ ಕೂತಿತು ಎಂದಾಗ ಕಾವು ಏರಿಸಿ ಬಣ್ಣ ಹಿಡಿದಿಡಬೇಕು. ಅವಸರ ಮಾಡಿದರೆ ಹಸಿರು ಉಳಿಯುತ್ತದೆ, ತಡ ಮಾಡಿದರೆ ಕಂದು ಹೊಡೆಯುತ್ತದೆ. ಕೊನೆಗೆ ನಡುದಂಟು ಒಣಗಲು 70 ಡಿಗ್ರಿಯವರೆಗೆ ಹೋಗುತ್ತೇವೆ. ಐದು ದಿನ, ಆರು ದಿನ, ರಾತ್ರಿ ಹಗಲು ಒಬ್ಬರು ಒಲೆಯ ಮುಂದೆ ಇರಲೇಬೇಕು. ಹೊಗೆ ಎಲೆಗೆ ತಾಗುವುದಿಲ್ಲ, ಒಳಗೆ ಹಾಯುವ ತಗಡಿನ ಕೊಳವೆಯ ಕಾವು ಮಾತ್ರ ತಾಗುತ್ತದೆ.

ಉರಿ ನಿಲ್ಲಿಸಿದಾಗ ಎಲೆ ಹಪ್ಪಳದಂತಿರುತ್ತದೆ, ಮುಟ್ಟಿದರೆ ಪುಡಿ. ಅದಕ್ಕೇ ರಾತ್ರಿ ಬಾಗಿಲು ತೆರೆದು ತಂಪು ಗಾಳಿಯ ತೇವ ಹೀರಿಕೊಳ್ಳಲು ಬಿಡುತ್ತೇವೆ. ನಿಮ್ಮ ಮುಖಕ್ಕೆ ಬಡಿದ ವಾಸನೆ ಆಗಿನದು. ಬೆಳಗಿನ ಜಾವ ಎಲೆ ಹಿಡಿದು ಒತ್ತಿ, ಮುರಿಯದೆ ಬಾಗಿ ಮತ್ತೆ ಅರಳಿದರೆ ಹದ ಬಂತು ಎಂದು ಇಳಿಸುತ್ತೇವೆ. ಅಷ್ಟು ದೂರದ ಅಂಗಡಿಯ ಡಬ್ಬಿಗೂ ನಮ್ಮ ಬ್ಯಾರನ್ನಿಗೂ ಒಂದೇ ಹದ ಎನ್ನುವುದು ನನಗೆ ದೊಡ್ಡ ವಿಷಯ.


ಕಾಫಿ ಬಟ್ಟಲು (ಚಿಕ್ಕಮಗಳೂರು)

ನಾನು ಕಾಫಿಯ ರುಚಿ ನೋಡುವ ಕೆಲಸ ಮಾಡುವವಳು. ಪೈಪು ಸೇದುವುದು ನಮ್ಮ ಯಜಮಾನರು, ಡಬ್ಬಿ ಮೂಸುವುದು ಮಾತ್ರ ನಾನು. ಒಂದು ಪ್ರಶ್ನೆ. ಕಾಫಿಯಲ್ಲಿ ಒಣ ಪುಡಿಯ ವಾಸನೆ ಒಂದು, ಬಿಸಿ ನೀರು ಬಿದ್ದ ಮೇಲಿನದು ಇನ್ನೊಂದು, ಬಾಯಿಗೆ ಬಂದಾಗ ಮತ್ತೊಂದು. ಬೆಟ್ಟದಪುರದವರಿಗೆ ಡಬ್ಬಿಯಲ್ಲಿ ಸಿಕ್ಕಿದ್ದು ಬಾಯಲ್ಲಿ ಸಿಗದಿರುವುದು ಇದೇ ಕಾರಣಕ್ಕೆ ಇರಬಹುದೇ? ರುಚಿಯ ಬಹುಪಾಲು ಮೂಗಿನಲ್ಲಿದೆ ಎಂದು ನಮ್ಮ ಕೆಲಸದಲ್ಲಿ ದಿನವೂ ಕಾಣುತ್ತೇನೆ. ಬಾಯಲ್ಲೇ ಹೊಗೆಯಿಟ್ಟು ಬಾಯಲ್ಲೇ ಬಿಟ್ಟರೆ ಸಿಗುವುದು ಕಹಿ, ಸಿಹಿ, ಒಗರು ಅಷ್ಟೇ ಅಲ್ಲವೇ?


ಹಳೇ ದಂಡು (ಬೆಂಗಳೂರು)

ಅಮ್ಮಾ, ನೀವು ಸರಿಯಾದ ಜಾಗಕ್ಕೇ ಕೈಯಿಟ್ಟಿರಿ. ಬಾಯಲ್ಲಿರುವ ಹೊಗೆಯಲ್ಲಿ ಬಹುಪಾಲು ಹೊರಬಿಟ್ಟು, ಉಳಿದ ಸ್ವಲ್ಪವನ್ನು ಎದೆಗಿಳಿಸದೆ ಮೂಗಿನಿಂದ ಮೆಲ್ಲಗೆ ಹೊರಬಿಡುವ ರೂಢಿಯಿದೆ. ಹುಲ್ಲು, ಬ್ರೆಡ್ಡು, ಒಣದ್ರಾಕ್ಷಿ ಎಂದೆಲ್ಲ ಜನ ಹೇಳುವುದು ಆಗ ಸಿಗುವುದನ್ನು. ಹೊಸಬರು ಮಾಡಿದರೆ ಮೂಗು ಉರಿಯುತ್ತದೆ. ಸೊಪ್ಪು ಒಣಗಿರಬೇಕು, ಪೈಪು ತಣ್ಣಗಿರಬೇಕು, ಆಮೇಲಷ್ಟೇ ಇದು.


ಲಂಕಾಶೈರ್ ಕನ್ನಡಿಗ

ಎರಡನೆಯ ಪ್ರಶ್ನೆಗೆ, ಅಂದರೆ ಯಾವ ಸೊಪ್ಪು ನೋಡಬೇಕು ಎಂಬುದಕ್ಕೆ ನಾನು ಬರೆಯುತ್ತೇನೆ. ಇದು ನನ್ನ ಇಷ್ಟದ ವಿಷಯ, ಉದ್ದವಾದರೆ ಕ್ಷಮೆಯಿರಲಿ.

ವರ್ಜೀನಿಯಾ ನಿಮಗೆ ಗೊತ್ತಿದೆ, ಸಕ್ಕರೆಯ ಎಲೆ. ಡಬ್ಬಿಯಲ್ಲೇ ವರ್ಷಗಟ್ಟಲೆ ಮಾಗುತ್ತದೆ, ಬಣ್ಣ ಕಪ್ಪಾಗುತ್ತದೆ, ಹುಲ್ಲಿನ ವಾಸನೆ ಹೋಗಿ ಹಣ್ಣಿನ ವಾಸನೆ ಬರುತ್ತದೆ. ಇದರ ಎದುರು ತುದಿಯಲ್ಲಿರುವುದು ಬರ್ಲಿ. ಇದನ್ನು ಬೆಂಕಿಯಿಲ್ಲದೆ ನೆರಳಿನ ಗಾಳಿಯಲ್ಲಿ ವಾರಗಟ್ಟಲೆ ಒಣಗಿಸುತ್ತಾರೆ. ಅಷ್ಟು ನಿಧಾನದಲ್ಲಿ ಎಲೆ ತನ್ನ ಸಕ್ಕರೆಯನ್ನೆಲ್ಲ ತಾನೇ ಖರ್ಚು ಮಾಡಿಕೊಂಡಿರುತ್ತದೆ. ಸಿಹಿ ಇಲ್ಲ, ಹುರಿದ ಕಡಲೆಕಾಯಿಯ ಮತ್ತು ಕೋಕೋ ಪುಡಿಯ ರುಚಿ. ಹೊರಗಿನಿಂದ ಹಾಕಿದ್ದನ್ನು ಸ್ಪಂಜಿನಂತೆ ಹೀರುತ್ತದೆ, ಹಾಗಾಗಿ ಅಮೆರಿಕದ ಹಳೆಯ ಮಿಶ್ರಣಗಳ ಬೆನ್ನೆಲುಬು ಅದೇ.

ಆಮೇಲೆ ಲಟಾಕಿಯಾ. ಸಿರಿಯಾದ ಬಂದರಿನ ಹೆಸರು. ಬಿಸಿಲಿನಲ್ಲಿ ಒಣಗಿಸಿದ ಸೊಪ್ಪನ್ನು ಮುಚ್ಚಿದ ಕೊಟ್ಟಿಗೆಯಲ್ಲಿ ತೂಗುಹಾಕಿ, ಕೆಳಗೆ ಮರ ಮತ್ತು ಪೊದೆಗಳನ್ನು ಹೊಗೆಯಾಡಿಸಿ ಕಪ್ಪು ಮಾಡುತ್ತಾರೆ. ಈಗ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ಕಾಣುವುದು ಸೈಪ್ರಸ್ಸಿನ ಹೆಸರು. ಹುಣಸೂರಿನವರು ಹೊಗೆ ಎಲೆಗೆ ತಾಗಬಾರದು ಎಂದರಲ್ಲ, ಇಲ್ಲಿ ಹೊಗೆಯೇ ರುಚಿ. ನನಗೆ ಮೊದಲ ಸಲ ಮೂಸಿದಾಗ ಅಟ್ಟದ ಮೇಲೆ ಹೊಗೆ ಹಿಡಿದ ಕಂಬಳಿಯ ನೆನಪಾಯಿತು. ಇದನ್ನು ಬೆರೆಸಿದ್ದಕ್ಕೆ ಇಂಗ್ಲಿಷ್ ಮಿಶ್ರಣ ಎನ್ನುತ್ತಾರೆ. ಸ್ವಲ್ಪ ಹಾಕಿದರೂ ಉಳಿದ ಎಲ್ಲ ಎಲೆಯ ದನಿ ಅಡಗುತ್ತದೆ. ಮನೆಯವರಿಗೆ ಮಾತ್ರ ವಾಸನೆ ಹಿಡಿಸುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಿಮಗೆ ಹತ್ತಿರವೇ ಸಿಗುವ ಒಂದು ಅಪರೂಪವಿದೆ: ಪೆರೀಕ್. ಲೂಸಿಯಾನದ ಸೇಂಟ್ ಜೇಮ್ಸ್ ಎಂಬ ಒಂದೇ ಪ್ರದೇಶದ ಕಸುಬು. ಎಲೆಯನ್ನು ನಾವು ಮಿಡಿ ಉಪ್ಪಿನಕಾಯಿಯ ಮೇಲೆ ಕಲ್ಲು ಹೇರಿದಂತೆ ವಿಸ್ಕಿ ಪೀಪಾಯಿಗಳಲ್ಲಿ ತುಂಬಿ, ತಿರುಪಿನಿಂದ ಒತ್ತಡ ಹಾಕಿ, ತನ್ನ ರಸದಲ್ಲೇ ಹುದುಗಲು ಬಿಡುತ್ತಾರೆ. ಆಗಾಗ ತೆಗೆದು, ಬಿಡಿಸಿ, ಗಾಳಿಯಾಡಿಸಿ ಮತ್ತೆ ಒತ್ತುತ್ತಾರೆ. ವರ್ಷದ ಹತ್ತಿರ ಬೇಕು. ಹೊರಬಂದಾಗ ಕಪ್ಪು, ಅಂಜೂರದ ಹುಳಿ ವಾಸನೆ, ಮೂಗಿನಿಂದ ಬಿಟ್ಟರೆ ಕಾಳುಮೆಣಸು. ಅದನ್ನೊಂದನ್ನೇ ಸೇದುವವರು ವಿರಳ, ವರ್ಜೀನಿಯಾಕ್ಕೆ ಒಗ್ಗರಣೆಯ ಹಾಗೆ ಬೆರೆಸುತ್ತಾರೆ. ನೀವು ವರ್ಜೀನಿಯಾ ಕಲಿತ ಮೇಲೆ ಮುಂದಿನ ಡಬ್ಬಿ ಇದೇ ಆಗಲಿ ಎಂಬುದು ನನ್ನ ಸಲಹೆ.

ಇಲ್ಲಿ ಇಂಗ್ಲೆಂಡಿನಲ್ಲಿ, ನನ್ನ ಮನೆಯಿಂದ ಸ್ವಲ್ಪ ಉತ್ತರಕ್ಕೆ ಕೆಂಡಲ್ ಎಂಬ ಊರಿದೆ. ನಶ್ಯಕ್ಕೆ ಹೆಸರಾದ ಊರು. ಅಲ್ಲಿಯ ಸ್ಯಾಮ್ಯುಯೆಲ್ ಗಾವಿತ್ ಸಂಸ್ಥೆಯ ಮೂಲ 1792ಕ್ಕೆ ಹೋಗುತ್ತದೆ. ಅವರ ಫುಲ್ ವರ್ಜೀನಿಯಾ ಫ್ಲೇಕ್ ನನಗೆ ಅತ್ಯಂತ ಪ್ರಿಯ. ಬೆಲ್ಲದ ಬಣ್ಣದ ದಪ್ಪ ಹೋಳುಗಳು, ತುಂಬಾ ಒದ್ದೆ. ನಾನು ಹಿಂದಿನ ರಾತ್ರಿಯೇ ಹರಡಿಡುತ್ತೇನೆ. ಅದೇ ಊರಿನಲ್ಲಿ ಗುಲಾಬಿ, ಜೆರೇನಿಯಂ ವಾಸನೆಯ ಎಣ್ಣೆ ಹಾಕಿದ ಸೊಪ್ಪೂ ಸಿಗುತ್ತದೆ. ಅತ್ತರಿನ ಅಂಗಡಿಗೆ ಹೊಕ್ಕ ಹಾಗಿರುತ್ತದೆ. ಕೆಲವರು ಅದಕ್ಕಾಗಿಯೇ ಜೀವ ಬಿಡುತ್ತಾರೆ. ನನಗೆ ಒಗ್ಗಲಿಲ್ಲ. ಆ ವಾಸನೆ ಪೈಪಿನಿಂದ ತಿಂಗಳಾದರೂ ಹೋಗುವುದಿಲ್ಲ. ಅಂಥದ್ದಕ್ಕೆ ಬೇರೆಯೇ ಒಂದು ಪೈಪು ಇಟ್ಟುಕೊಳ್ಳಿ.


ಮಡಿಕೇರಿ ಮಳೆ

ಸಿಹಿ ಪರಿಮಳ ಹಾಕಿದ ಸೊಪ್ಪನ್ನು ಯಾರೂ ಹೇಳಲಿಲ್ಲ ಎಂದು ನಾನು ಬರೆಯುತ್ತಿದ್ದೇನೆ. ನನಗೆ ವೆನಿಲ್ಲಾ, ಚೆರ‍್ರಿ ಹಾಕಿದ ಕ್ಯಾವೆಂಡಿಷ್, ಅಂದರೆ ಹಬೆ ಮತ್ತು ಒತ್ತಡ ಕೊಟ್ಟು ಕಪ್ಪಾಗಿಸಿದ ಸೊಪ್ಪು, ಇಷ್ಟ. ಮನೆಯವರು ಜಗಲಿಯಲ್ಲಿ ಜೊತೆಗೆ ಕುಳಿತುಕೊಳ್ಳುವುದು ಅದನ್ನು ಸೇದಿದಾಗ ಮಾತ್ರ. ಶುದ್ಧ ಸೊಪ್ಪೇ ಸೊಪ್ಪು, ಉಳಿದದ್ದು ಮಕ್ಕಳ ಪೆಪ್ಪರಮೆಂಟು ಎಂದು ಪೈಪಿನವರು ಮಾತನಾಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಮಳೆಯ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ತಂದೆಯವರ ಕಾಲದ, ಬ್ರೈಯರ್ ಎಂಬ ಮರದ ಪೈಪು ಎರಡು ನನ್ನ ಹತ್ತಿರ ಇವೆ. ಹೋದ ವರ್ಷ ಮೂರು ವಾರ ಮುಟ್ಟದೆ ಚರ್ಮದ ಚೀಲದಲ್ಲಿ ಇಟ್ಟಿದ್ದೆ. ತೆಗೆದಾಗ ಒಳಗೆಲ್ಲ ಬಿಳಿ ಬೂಷ್ಟು. ತುಂಬಾ ನೋವಾಯಿತು. ಸೊಪ್ಪು ಸಹ ತೆರೆದ ಡಬ್ಬಿಯಲ್ಲಿ ಹಾಳಾಯಿತು. ಈಗ ರಬ್ಬರ್ ಬಳೆಯ ಗಾಜಿನ ಜಾಡಿಗೆ ಹಾಕುತ್ತೇನೆ. ಪೈಪನ್ನು ಉಳಿಸಿಕೊಳ್ಳಲು ದಾರಿಯಿದೆಯೇ?


ಹಳೇ ದಂಡು (ಬೆಂಗಳೂರು)

ಪೈಪು ಉಳಿಯುತ್ತದೆ, ಗಾಬರಿ ಬೇಡ. ಒಳಗಿನ ಮಸಿಯ ಪದರವನ್ನು ಪೂರ್ತಿ ಕೆರೆದು ತೆಗೆಯಿರಿ, ಮರಕ್ಕೆ ಗಾಯವಾಗದಂತೆ. ಶುದ್ಧ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಆಮೇಲೆ ಪೈಪಿನ ಬಟ್ಟಲಿನಲ್ಲಿ, ಅಂದರೆ ಸೊಪ್ಪು ತುಂಬುವ ಹೊಟ್ಟೆಯಲ್ಲಿ, ಹತ್ತಿ ತುಂಬಿ, ಅದು ನೆನೆಯುವಷ್ಟು ಆಲ್ಕೋಹಾಲು ಬಿಟ್ಟು ಒಂದು ರಾತ್ರಿ ಇಡಿ. ಬೆಳಗ್ಗೆ ಹತ್ತಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹತ್ತಿ ಬಿಳಿಯಾಗಿಯೇ ಬರುವವರೆಗೆ ಮತ್ತೆ ಮಾಡಿ, ವಾರವಿಡೀ ಗಾಳಿಗೆ ಬಿಡಿ. ಹೊರಮೈಯ ಹೊಳಪಿಗೆ ಆಲ್ಕೋಹಾಲು ತಾಗದಿರಲಿ. ಮುಂದಿನ ಮಳೆಗಾಲದಲ್ಲಿ ಚೀಲ ಬೇಡ, ಬಟ್ಟಲು ಕೆಳಮುಖವಾಗಿ ಗಾಳಿಯಾಡುವ ಕಡೆ ನಿಲ್ಲಿಸಿ. ಪ್ರತಿ ಸಲ ಸೇದಿದ ಮೇಲೆ ಕೊಳವೆಯೊಳಗೆ ನೂಲು ಸುತ್ತಿದ ತಂತಿ ಹಾಯಿಸಿ, ಎರಡು ದಿನ ಆ ಪೈಪಿಗೆ ವಿಶ್ರಾಂತಿ ಕೊಡಿ.

ಪರಿಮಳದ ಸೊಪ್ಪಿನ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ, ಅವರವರ ಬಾಯಿ ಅವರವರದು. ಆದರೆ ಹೊಸಬರಿಗೆ ನಾನು ಅದನ್ನು ಮೊದಲು ಕೊಡುವುದಿಲ್ಲ. ಕಾರಣ ಅಂತಸ್ತಲ್ಲ, ತೇವ. ಅದರಲ್ಲಿ ಒಣಗದಂತೆ ಹಿಡಿದಿಡುವ ಪ್ರೊಪೈಲಿನ್ ಗ್ಲೈಕಾಲ್ ಇರುವುದು ಸಾಮಾನ್ಯ. ಗಂಟೆಗಟ್ಟಲೆ ಹರಡಿದರೂ ಒದ್ದೆಯೇ. ನಾಲಗೆ ಸುಟ್ಟು ಪೈಪನ್ನೇ ಬಿಟ್ಟವರನ್ನು ತುಂಬಾ ನೋಡಿದ್ದೇನೆ.


ದಂತವೈದ್ಯೆ (ದಾವಣಗೆರೆ)

ಈ ಚರ್ಚೆಯನ್ನು ಪ್ರೀತಿಯಿಂದ ಓದಿದೆ. ನನ್ನ ಅಜ್ಜನೂ ಚುಟ್ಟ ಸೇದುತ್ತಿದ್ದರು. ಆದರೆ ನಾನು ಕೆಲಸದಲ್ಲಿ ನೋಡುವುದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಎದೆಗೆ ಎಳೆಯದಿದ್ದರೆ ಅಪಾಯವಿಲ್ಲ ಎಂಬ ನಂಬಿಕೆ ಪೈಪು ಸೇದುವವರಲ್ಲಿದೆ. ಅದು ನಿಜವಲ್ಲ. ತುಟಿ, ನಾಲಗೆ, ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳಗಳ ಕ್ಯಾನ್ಸರು ಪೈಪಿನಿಂದಲೂ ಬರುತ್ತದೆ, ಶ್ವಾಸಕೋಶದ್ದೂ ಬರುತ್ತದೆ. ಹೊಗೆ ಹೆಚ್ಚು ಹೊತ್ತು ನಿಲ್ಲುವುದೇ ಬಾಯಲ್ಲಿ. ನಿಕೋಟಿನ್ ಬಾಯಿಯ ಒಳಪದರದಿಂದಲೂ ರಕ್ತಕ್ಕೆ ಸೇರುತ್ತದೆ.

ಸೇದುವವರು ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ನಿಂತು ನಾಲಗೆಯ ಅಂಚು, ನಾಲಗೆಯ ಕೆಳಗೆ, ಕೆನ್ನೆಯ ಒಳಭಾಗ, ಅಂಗುಳು ನೋಡಿಕೊಳ್ಳಿ. ಒರೆಸಿದರೆ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ಕಾಯಬೇಡಿ. ನೋವಿಲ್ಲ ಎಂದು ಸುಮ್ಮನಿರಬೇಡಿ. ಮೊದಲು ನೋವೇ ಇರುವುದಿಲ್ಲ.

ಬೆಟ್ಟದಪುರದವರಿಗೆ ಬೇರೆಯಾಗಿ ಒಂದು ಮಾತು. ಆರು ವರ್ಷ ಬಿಟ್ಟಿದ್ದೀರಿ, ಅದು ಸಣ್ಣ ಸಾಧನೆಯಲ್ಲ. ನಿಕೋಟಿನ್ ಯಾವ ದಾರಿಯಿಂದ ಬಂದರೂ ಮೆದುಳಿಗೆ ಹಳೆಯ ಪರಿಚಯ ಮರೆತಿರುವುದಿಲ್ಲ. ಸಿಗರೇಟಿನ ನೆನಪು ಬರತೊಡಗಿದರೆ ಆ ದಿನವೇ ಪೈಪು ಕೆಳಗಿಡಿ. ಮನೆಯಲ್ಲಿ ಮಕ್ಕಳಿದ್ದರೆ ಒಳಗೆ ಖಂಡಿತ ಬೇಡ.


ಹಳೇ ದಂಡು (ಬೆಂಗಳೂರು)

ವೈದ್ಯರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ನನಗೆ ಕೆನ್ನೆಯ ಒಳಗೆ ಬಿಳಿ ಮಚ್ಚೆ ಒಮ್ಮೆ ಬಂದಿತ್ತು. ತೆಗೆದು ಪರೀಕ್ಷೆ ಮಾಡಿಸಿದರು, ಕೆಟ್ಟದ್ದೇನೂ ಇರಲಿಲ್ಲ. ಫಲಿತಾಂಶ ಬರುವವರೆಗಿನ ಆ ಒಂಬತ್ತು ದಿನ ನಾನು ಮರೆತಿಲ್ಲ. ದಿನಕ್ಕೆ ಮೂರು ಸಲ ಸೇದುತ್ತಿದ್ದವನು ಈಗ ಭಾನುವಾರ ಸಂಜೆ ತಾರಸಿಯ ಮೇಲೆ ಒಂದು ಸಲ. ಆರು ತಿಂಗಳಿಗೊಮ್ಮೆ ಬಾಯಿ ತೋರಿಸುತ್ತೇನೆ. ಇಲ್ಲಿ ಓದುತ್ತಿರುವ ಹುಡುಗರಿಗೆ: ಕರ್ನಾಟಕದಲ್ಲಿ ಇಪ್ಪತ್ತೊಂದು ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದುವಂತೆಯೂ ಇಲ್ಲ. ಶುರು ಮಾಡದವರು ಇದನ್ನು ಓದಿ ಶುರು ಮಾಡಬೇಡಿ ಎಂದೇ ನಾನು ಕೇಳಿಕೊಳ್ಳುವುದು.


ಬೊಂಬೆನಾಡು (ಚನ್ನಪಟ್ಟಣ)

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಆಟಿಕೆ ಕಡೆಯುತ್ತೇವೆ. ಮರ ಕಡೆಯುವವರು ಜೋಳದ ದಿಂಡಿಗೆ ಕೈಹಾಕಿ ಕಾರ್ಖಾನೆಯೇ ಆಯಿತು ಎಂದು ಓದಿದಾಗಿನಿಂದ ಒಂದು ಯೋಚನೆ ಬಂದಿದೆ. ಹಾಲೆ ಮರದಲ್ಲೋ ಬೀಟೆಯಲ್ಲೋ ನಾವೂ ಪೈಪು ಕಡೆಯಬಹುದೇ? ಪರದೇಶದವರು ಕೊಂಡಾರೇ?


ಲಂಕಾಶೈರ್ ಕನ್ನಡಿಗ

ನಿಮ್ಮ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ತೊಡಕಿರುವುದು ಮರದಲ್ಲಿ. ಬ್ರೈಯರ್ ಎನ್ನುವುದು ಮೆಡಿಟರೇನಿಯನ್ ತೀರದ ಒಂದು ಪೊದೆ. ಅದರ ಬೇರಿಗೂ ಕಾಂಡಕ್ಕೂ ನಡುವೆ ಗಂಟು ಬೆಳೆಯುತ್ತದೆ, ಪೈಪಾಗುವುದು ಆ ಗಂಟು. ಕತ್ತರಿಸಿದ ತುಂಡುಗಳನ್ನು ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ ರಸ ತೆಗೆದು, ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸುತ್ತಾರೆ. ಗಟ್ಟಿ, ಆದರೂ ಹಗುರ, ತೇವ ಹೀರುತ್ತದೆ, ಕೆಂಡ ಒಳಗಿದ್ದರೂ ಹೊತ್ತಿಕೊಳ್ಳುವುದಿಲ್ಲ. ಫ್ರಾನ್ಸಿನ ಜೂರಾ ಬೆಟ್ಟಗಳ ಸೇಂಟ್ ಕ್ಲಾಡ್ ಎಂಬ ಊರು ಹತ್ತೊಂಬತ್ತನೆಯ ಶತಮಾನದಿಂದ ಇದರಿಂದಲೇ ಹೆಸರಾಯಿತು. ಅವರೂ ನಿಮ್ಮಂತೆಯೇ ಮೊದಲಿನಿಂದ ಮರ ಕಡೆಯುವವರು.

ಹಾಲೆ ಮೃದು ಮರ, ಕೆಂಡಕ್ಕೆ ತಾಳುವುದಿಲ್ಲ. ಬೀಟೆಯಲ್ಲಿ ಎಣ್ಣೆಯಂಶವಿದೆ. ಅದರ ಧೂಳೇ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ಬಿಸಿಯಾದ ಮರದ ಹಬೆಯನ್ನು ಬಾಯಿಗೆ ಎಳೆಯುವುದಂತೂ ಬೇಡ. ಅರಗಿನ ಬಣ್ಣ ಕಾವಿಗೆ ಕರಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಪೈಪು ನಿಲ್ಲಿಸುವ ಪೀಠ, ಸೊಪ್ಪು ಒತ್ತುವ ಕಡ್ಡಿ, ಇವನ್ನು ಕೊಳ್ಳುವವರಿದ್ದಾರೆ. ಹಾಲೆ ಮರದ, ಅರಗಿನ ಹೊಳಪಿನ ಒಂದು ಪೀಠ ನನಗೇ ಬೇಕು. ಪೈಪು ಆರಿದ ಮೇಲೆ ಇಡುವುದಲ್ಲವೇ, ಕಾವಿನ ಭಯವಿಲ್ಲ.


ಬೊಂಬೆನಾಡು (ಚನ್ನಪಟ್ಟಣ)

ಅಳತೆ ಕಳಿಸಿ ಸರ್. ಅರಿಸಿನ ಬಣ್ಣವೋ ಕೆಂಪೋ ಅದನ್ನೂ ತಿಳಿಸಿ.


ಬೆಟ್ಟದಪುರದವ (ಸೇಂಟ್ ಲೂಯಿಸ್)

ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆದಿರಿ, ಕೈ ಮುಗಿಯುತ್ತೇನೆ. ಹುಣಸೂರಿನ ಅಣ್ಣನಿಗೆ ಒಂದು ಪ್ರಶ್ನೆ. ನಮ್ಮ ಮನೆಯ ಸೊಪ್ಪನ್ನೇ ಒಂದು ಹಿಡಿ ಪೈಪಿಗೆ ತುಂಬಿದರೆ? ಊರಿಗೆ ಬಂದಾಗ ಬ್ಯಾರನ್ನಿನಿಂದ ಇಳಿಸಿದ ಎಲೆಯನ್ನು ಅಲ್ಲೇ ಕೂತು ಸೇದಿ ನೋಡಬೇಕು ಎಂಬ ಆಸೆಯಾಗಿದೆ.


ಹುಣಸೂರು ರೈತ

ಬೇಡ ತಮ್ಮಾ. ಈಗ ಇಳಿಸಿದ ಎಲೆ ಹಸಿ ಬಾಣಂತಿಯ ಹಾಗೆ, ಇನ್ನೂ ಆರೈಕೆ ಬೇಕು. ನಾವು ರಾಶಿ ಹಾಕಿ, ಮೇಲಿನದು ಕೆಳಗೆ, ಕೆಳಗಿನದು ಮೇಲೆ ಮಾಡುತ್ತಾ ಇಡುತ್ತೇವೆ. ಹರಾಜಿನಲ್ಲಿ ಕೊಂಡವರು ಮತ್ತೆ ಒಣಗಿಸಿ, ಹದವಿಟ್ಟು, ಒಂದು ಎರಡು ವರ್ಷ ಗೋದಾಮಿನಲ್ಲಿ ಮಾಗಿಸುತ್ತಾರೆ. ಹೊಸ ಎಲೆಯ ಘಾಟು ಗಂಟಲು ಹಿಡಿಯುತ್ತದೆ. ನಮ್ಮ ಸೊಪ್ಪು ಬಹುಪಾಲು ಸಿಗರೇಟಿಗೆ ಹೋಗುವುದು. ಬೇರೆ ಸೊಪ್ಪಿನ ಜೊತೆ ಜಗಳವಾಡದೆ ಬೆರೆಯುವ ಸೌಮ್ಯ ಎಲೆ ಎಂದು ವ್ಯಾಪಾರಿಗಳು ಹೇಳುತ್ತಾರೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಇಲ್ಲಿ ಸೊಪ್ಪಿನ ಗುಣಗಾನ ಓದಿದವರಿಗೆ ಅದೂ ಗೊತ್ತಿರಲಿ. ಮಳೆಯಲ್ಲಿ ನೆನೆದ ಎಲೆ ಮುರಿಯುವಾಗ ಅದರ ನೀರು ಚರ್ಮದ ಮೂಲಕ ಮೈಗೆ ಇಳಿಯುತ್ತದೆ. ತಲೆಸುತ್ತು, ವಾಂತಿ, ಸಂಜೆ ಊಟ ಸೇರುವುದಿಲ್ಲ. ನನ್ನ ಹೆಂಡತಿಗೆ ಮದುವೆಯಾದ ಹೊಸತರಲ್ಲಿ ಹೀಗಾಗಿ ಏನು ಕಾಯಿಲೆಯೋ ಎಂದು ಹೆದರಿದ್ದೆವು. ಸಿಗರೇಟು ಮುಟ್ಟದ ಹೆಂಗಸರಿಗೆ ಕೈಯಿಂದ ನಿಕೋಟಿನ್ ಏರುತ್ತದೆ. ಈಗ ಮನೆಯಲ್ಲಿ ಎಲ್ಲರಿಗೂ ಉದ್ದ ತೋಳಿನ ಅಂಗಿ, ಕೈಗವಸು ಕಡ್ಡಾಯ ಮಾಡಿದ್ದೇನೆ. ಇಬ್ಬನಿ ಆರುವವರೆಗೆ ಹೊಲಕ್ಕೆ ಇಳಿಯುವುದಿಲ್ಲ. ನಿಮ್ಮ ಅಣ್ಣನಿಗೂ ಹೇಳಿ.


ಬೆಟ್ಟದಪುರದವ (ಸೇಂಟ್ ಲೂಯಿಸ್)

ಮೂರು ವಾರದ ನಂತರ ಬರೆಯುತ್ತಿದ್ದೇನೆ.

ವಾರಕ್ಕೆ ಒಂದೇ ಸಲ ಎಂದು ನಿಯಮ ಹಾಕಿಕೊಂಡೆ. ಮೊದಲ ಎರಡು ಭಾನುವಾರ ಕೆಟ್ಟವು. ಒಮ್ಮೆ ಬಿಗಿಯಾಗಿ ತುಂಬಿದ್ದೆ, ಇನ್ನೊಮ್ಮೆ ಪೂರ್ತಿ ಒಣಗಿಸಿಬಿಟ್ಟಿದ್ದೆ. ನಿನ್ನೆ ಎರಡು ಹೋಳು ಬಿಡಿಸಿ, ಹರಡಿ, ಚಿಟಿಕೆ ಒತ್ತಿದೆ. ಅರಳಿಕೊಂಡಿತು. ಹಿತ್ತಲಿನ ಮೆಟ್ಟಿಲ ಮೇಲೆ ಕುಳಿತು ಮೂರು ಕಡ್ಡಿಯಲ್ಲಿ ಹಚ್ಚಿದೆ. ಕೊಡದ ಮಾತು ನೆನಪಿಟ್ಟುಕೊಂಡು ಸೇದಿದೆ. ಅರ್ಧಕ್ಕೆ ಬರುವವರೆಗೆ ಹುಲ್ಲಿನ ಸಿಹಿ ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಹೊಗೆಯ ಒಂದು ಎಳೆಯನ್ನು ಮೂಗಿನಿಂದ ಬಿಟ್ಟೆ. ಬಂತು. ಪಾಕದ ವಾಸನೆ, ಹಿಂದೆಯೇ ಬಿಸಿ ಗೋಡೆ. ಎರಡು ಮೂರು ಗುಟುಕಿನಷ್ಟು ಹೊತ್ತು ಇತ್ತು, ಹೋಯಿತು. ತಳದಲ್ಲಿ ಉಳಿದದ್ದು ಬೂದಿ, ಒಂದು ಹನಿ ನೀರಿಲ್ಲ. ನಾಲಗೆ ಸುಡಲಿಲ್ಲ.

ಅಣ್ಣನಿಗೆ ಫೋನ್ ಮಾಡಿದೆ. ಊರಿನಲ್ಲಿ ಬೆಳಗಾಗುತ್ತಿತ್ತು. ಕೈಗವಸಿನ ವಿಷಯ ಹೇಳಿದೆ, ತರಿಸಿಕೊಳ್ಳುತ್ತೇನೆ ಎಂದ. ದಂತವೈದ್ಯರ ಸಮಯ ಮುಂದಿನ ಮಂಗಳವಾರಕ್ಕೆ ತೆಗೆದುಕೊಂಡಿದ್ದೇನೆ. ಸಿಗರೇಟಿನ ನೆನಪು ಇಲ್ಲಿಯವರೆಗೆ ಬಂದಿಲ್ಲ, ಬಂದರೆ ಇಲ್ಲಿಯೇ ಬರೆಯುತ್ತೇನೆ. ಪೆರೀಕ್ ಡಬ್ಬಿ ಸದ್ಯಕ್ಕೆ ಕೊಂಡಿಲ್ಲ. ಇದೇ ಡಬ್ಬಿಯಲ್ಲಿ ಇನ್ನೂ ಹದಿನಾಲ್ಕು ಹೋಳು ಇವೆ.

ಹುಣಸೂರಿನ ಅಣ್ಣ, ನಿಮ್ಮ ಬ್ಯಾರನ್ ಎಷ್ಟನೆಯ ದಿನದಲ್ಲಿದೆ?


ಹುಣಸೂರು ರೈತ

ಇಂದು ನಾಲ್ಕನೆಯ ದಿನ ತಮ್ಮಾ. ಎಲೆ ಒಣಗಿದೆ, ನಡುದಂಟು ಇನ್ನೂ ಬಾಗುತ್ತದೆ. ಸಂಜೆಯಿಂದ ಮಳೆ, ಸೌದೆ ಸ್ವಲ್ಪ ನೆನೆದಿದೆ, ಕಾವು ಮ್ಯಾಲಕ್ಕೇರದೆ ಸತಾಯಿಸುತ್ತಿದೆ. ಮಗ ಒಲೆಯ ಮುಂದೆ ತೂಕಡಿಸುತ್ತಿದ್ದಾನೆ, ಅವನನ್ನು ಮಲಗಲು ಕಳಿಸಿ ನಾನು ಕೂರಬೇಕು. ನಾಳಿದ್ದು ರಾತ್ರಿ ಬಾಗಿಲು ತೆರೆಯುತ್ತೇವೆ. ಆಗ ಫೋನ್ ಮಾಡುತ್ತೇನೆ, ವಾಸನೆ ಕಳಿಸಲಾಗದಿದ್ದರೂ ಬಾಗಿಲ ಸದ್ದು ಕೇಳಬಹುದು.